ಮೊದಲು ಹೊಲಿಗೆ, ಆಮೇಲೆ ನೆರಿಗೆ

ನಮಸ್ಕಾರ ಕೇಳುಗರೇ. ಬಟ್ಟೆಗೆ ಮೊದಲು ನೆರಿಗೆ ಹಾಕಿ, ಆಮೇಲೆ ಕತ್ತರಿಸಿ ಹೊಲಿಯುವುದು ರೂಢಿ. ಜಪಾನಿನ ಫ್ಯಾಷನ್ ಡಿಸೈನರ್ ಇಸ್ಸೆ ಮಿಯಾಕೆ ಇದನ್ನು ತಿರುಗಿಸಿಬಿಟ್ಟರು. ಬೇಕಾದ ಅಳತೆಗಿಂತ ಎರಡೂವರೆ, ಮೂರು ಪಟ್ಟು ದೊಡ್ಡದಾಗಿ ಪಾಲಿಯೆಸ್ಟರ್ ಉಡುಪನ್ನು ಹೊಲಿಸಿ, ಅದನ್ನು ಕಾಗದಗಳ ನಡುವೆ ಇಟ್ಟು ಬಿಸಿ ಯಂತ್ರದಲ್ಲಿ ಒತ್ತಿಸುತ್ತಿದ್ದರು. ಬಿಸಿಗೆ ಕೂತ ನೆರಿಗೆ ಮತ್ತೆ ಬಿಡುವುದಿಲ್ಲ. ಒಗೆಯಿರಿ, ಸುರುಳಿ ಸುತ್ತಿ ಸೂಟ್‌ಕೇಸಿಗೆ ತುರುಕಿ, ಇಸ್ತ್ರಿಯೇ ಬೇಡ. ಕಾಟನ್ ಸೀರೆ ಉಡುವವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

1991ರಲ್ಲಿ ನೃತ್ಯ ಸಂಯೋಜಕ ವಿಲಿಯಂ ಫಾರ್ಸೈಥ್ ಅವರ ಫ್ರಾಂಕ್‌ಫರ್ಟ್ ಬ್ಯಾಲೆ ತಂಡ ಈ ನೆರಿಗೆ ಬಟ್ಟೆ ಹಾಕಿ ಕುಣಿಯಿತು. ನೃತ್ಯಗಾರರು ಹಾರಿದರೂ ತಿರುಗಿದರೂ ಬಟ್ಟೆ ಅವರ ಜೊತೆಗೇ ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. 1993ರಲ್ಲಿ ಅದೇ 'ಪ್ಲೀಟ್ಸ್ ಪ್ಲೀಸ್' ಅನ್ನುವ ಬ್ರ್ಯಾಂಡ್ ಆಯಿತು.

ಮಿಯಾಕೆ ಹುಟ್ಟಿದ್ದು 1938ರಲ್ಲಿ, ಹಿರೋಷಿಮಾದಲ್ಲಿ. ಅಣುಬಾಂಬ್ ಬಿದ್ದಾಗ ಏಳು ವರ್ಷ. ವಿಕಿರಣದಿಂದ ತಾಯಿ ಮೂರು ವರ್ಷದೊಳಗೆ ತೀರಿಕೊಂಡರು. ಬಾಂಬಿನಿಂದ ಬದುಕುಳಿದ ಡಿಸೈನರ್ ಅನ್ನುವ ಹಣೆಪಟ್ಟಿ ಬೇಡವೆಂದು ದಶಕಗಳ ಕಾಲ ಅದರ ಬಗ್ಗೆ ಬಾಯಿ ಬಿಡಲಿಲ್ಲ. 2009ರಲ್ಲಿ ಮಾತ್ರ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದು, ಆಗಿನ ಅಮೆರಿಕ ಅಧ್ಯಕ್ಷ ಒಬಾಮಾ ಹಿರೋಷಿಮಾಕ್ಕೆ ಬರಬೇಕು ಎಂದು ಕೇಳಿದರು.

ಟೋಕಿಯೋದಲ್ಲಿ ಗ್ರಾಫಿಕ್ ಡಿಸೈನ್ ಓದಿ, 1965ರಲ್ಲಿ ಪ್ಯಾರಿಸ್‌ಗೆ ಹೋದರು. ಅಲ್ಲಿ ಗೀ ಲಾರೋಷ್, ಜಿವಾಂಶಿ ಎಂಬ ದೊಡ್ಡ ಡಿಸೈನರ್‌ಗಳ ಹತ್ತಿರ ಕೆಲಸ. ಎಲ್ಲ ಶ್ರೀಮಂತ ಹೆಂಗಸರ ಅಳತೆಗೆ ಹೊಲಿಯುವ ಕಡೆ. 1968ರ ಮೇ ತಿಂಗಳಲ್ಲಿ ವಿದ್ಯಾರ್ಥಿಗಳು, ಕಾರ್ಮಿಕರು ಬೀದಿಗಿಳಿದದ್ದನ್ನು ಕಣ್ಣಾರೆ ಕಂಡ ಮೇಲೆ, ತಾನು ಜೀನ್ಸ್, ಟೀ ಶರ್ಟಿನಂತೆ ಎಲ್ಲರೂ ಹಾಕುವಂಥದ್ದನ್ನು ಮಾಡಬೇಕು ಅನ್ನಿಸಿತು. ನನ್ನ ಕೇಳಿದರೆ ಅವರ ಮುಂದಿನ ಕೆಲಸವೆಲ್ಲ ಇಲ್ಲಿಂದಲೇ ಶುರು. 1970ರಲ್ಲಿ ಟೋಕಿಯೋಗೆ ಮರಳಿ ಸ್ವಂತ ಸ್ಟುಡಿಯೋ ತೆರೆದರು. ಅಹಮದಾಬಾದಿನ ಡಿಸೈನರ್ ಆಶಾ ಸಾರಾಭಾಯಿ ಜೊತೆಗೂ ಕೈಕೆಲಸದ ಉಡುಪು ಮಾಡಿಸಿದ್ದುಂಟು.

1990ರ ದಶಕದ ಕೊನೆಗೆ ಡಿಸೈನರ್ ದಾಯ್ ಫುಜಿವಾರಾ ಜೊತೆ ಇನ್ನೂ ಮುಂದೆ ಹೋದರು. ಕಂಪ್ಯೂಟರ್ ಹೇಳಿದಂತೆ ಹೆಣೆಯುವ ಯಂತ್ರದಿಂದ ಉದ್ದನೆಯ ಕೊಳವೆಯಂಥ ಬಟ್ಟೆ ಬರುತ್ತದೆ. ಅದರಲ್ಲೇ ಗೆರೆಗಳಿರುತ್ತವೆ. ಕೊಂಡವರು ಮನೆಯಲ್ಲಿ ಕತ್ತರಿ ಹಿಡಿದು ಕತ್ತರಿಸಿದರೆ ಅಂಗಿ ರೆಡಿ, ಹೊಲಿಗೆಯೇ ಇಲ್ಲ! ತೋಳು ಗಿಡ್ಡ ಬೇಕೋ ಉದ್ದ ಬೇಕೋ, ಅದು ನಿಮ್ಮಿಷ್ಟ.

2022ರ ಆಗಸ್ಟ್ 5ರಂದು, 84ನೇ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಸುದ್ದಿಯಲ್ಲೆಲ್ಲ ಜಾಸ್ತಿ ಬಂದದ್ದು ಸ್ಟೀವ್ ಜಾಬ್ಸ್ ಕಥೆಯೇ. ಸೋನಿ ಕಂಪನಿಯ ಕೆಲಸಗಾರರಿಗೆ ಮಿಯಾಕೆ ಮಾಡಿಕೊಟ್ಟ ಯೂನಿಫಾರಂ ನೋಡಿ ಜಾಬ್ಸ್ ಮರುಳಾಗಿ, ಆಪಲ್‌ಗೂ ಅಂಥದ್ದು ಬೇಕೆಂದು ಮಾದರಿ ತಂದರೆ, ನೌಕರರು ಕೂಗಾಡಿ ಬೇಡವೆಂದರಂತೆ. ಸರಿ, ಜಾಬ್ಸ್ ತನ್ನೊಬ್ಬನಿಗೇ ನೂರರಷ್ಟು ಕಪ್ಪು ಟರ್ಟಲ್‌ನೆಕ್, ಅಂದರೆ ಕುತ್ತಿಗೆ ಮುಚ್ಚುವ ಅಂಗಿ, ಮಿಯಾಕೆಯಿಂದ ಮಾಡಿಸಿಕೊಂಡರು.