ಡೆಸ್ಕ್‌ಟಾಪ್‌ನ ಧ್ವನಿ ಎಲ್ಲಿ ತಡೆದು ನಿಂತಿತ್ತು?

ಈಗ ನೀವು ನೋಡುತ್ತಿರುವುದು ನಾನು ದಿನವೂ ವಿಡಿಯೊ ಸಂಕಲನ ಮಾಡುವ ಡೆಸ್ಕ್‌ಟಾಪ್. ನಿನ್ನೆ ಸಂಜೆ ಹೊಸ ಮಾನಿಟರ್ ಜೋಡಿಸಿ ಕೆಲಸಕ್ಕೆ ಕುಳಿತಾಗ ಇದರಿಂದ ಯಾವ ಸದ್ದೂ ಹೊರಡಲಿಲ್ಲ. ಇಂಥ ಹೊತ್ತಿನಲ್ಲಿ ಕಣ್ಣಿಗೆ ಬಿದ್ದ ಸ್ಲೈಡರ್‌ಗಳನ್ನೆಲ್ಲ ಮೇಲಕ್ಕೆಳೆಯುವ ಆತುರ ಸಹಜವಾದರೂ, ಹಾಗೆ ಮಾಡಿದರೆ ದೋಷ ಎಲ್ಲಿತ್ತೆಂಬುದು ತಿಳಿಯುವುದೇ ಇಲ್ಲ, ಸದ್ದು ಮರಳಿದ ಕ್ಷಣದಲ್ಲಿ ಕಿವಿಗೂ ಅಪಾಯ. ಆದ್ದರಿಂದ ಧ್ವನಿಯು ಆ್ಯಪ್‌ನಿಂದ ಹೊರಟು ಸ್ಪೀಕರ್ ತಲುಪುವವರೆಗಿನ ದಾರಿಯನ್ನು ಹಂತಹಂತವಾಗಿ ಪರೀಕ್ಷಿಸುತ್ತ ಬಂದೆ.

ಪ್ಲೇಯರ್‌ನೊಳಗಿನ ವಾಲ್ಯೂಮ್ ಸರಿಯಾಗಿತ್ತು. ಬಳಿಕ ವಿಂಡೋಸ್‌ನ ವಾಲ್ಯೂಮ್ ಮಿಕ್ಸರ್ ತೆರೆದೆ. 2007ರ ಆರಂಭದಲ್ಲಿ ಜನರ ಕೈಸೇರಿದ ವಿಸ್ತಾ ಆವೃತ್ತಿಯಿಂದೀಚೆಗೆ ಇಲ್ಲಿ ಪ್ರತಿ ಆ್ಯಪ್‌ಗೂ ಪ್ರತ್ಯೇಕ ವಾಲ್ಯೂಮ್ ಇದೆ. ಒಮ್ಮೆ ಮ್ಯೂಟ್ ಮಾಡಿದ್ದನ್ನು ವ್ಯವಸ್ಥೆಯು ನೆನಪಿಟ್ಟುಕೊಳ್ಳುವುದರಿಂದ, ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದರೂ ಆ ಆ್ಯಪ್ ಮೌನವಾಗಿಯೇ ಇರಬಹುದು. ನನ್ನ ಮಿಕ್ಸರ್‌ನಲ್ಲಿ ಅಂಥದ್ದೇನೂ ಇರಲಿಲ್ಲ.

ಸುಳಿವು ಸಿಕ್ಕಿದ್ದು ಕಂಟ್ರೋಲ್ ಪ್ಯಾನೆಲ್‌ನ ಸೌಂಡ್ ವಿಭಾಗದಲ್ಲಿ. ಅಲ್ಲಿನ ಪ್ಲೇಬ್ಯಾಕ್ ಪಟ್ಟಿಯಲ್ಲಿ ಪ್ರತಿ ಸಾಧನದ ಪಕ್ಕದಲ್ಲೂ ಒಂದು ಮಾಪಕವಿರುತ್ತದೆ. ಧ್ವನಿ ಯಾವ ಸಾಧನಕ್ಕೆ ಹೋಗುತ್ತಿದೆಯೋ ಅದರ ಮಾಪಕ ಹಸಿರಾಗಿ ಏರಿಳಿಯುತ್ತದೆ. ಹಾಡು ಹಚ್ಚಿ ನೋಡಿದಾಗ ಕುಣಿಯುತ್ತಿದ್ದುದು ಸ್ಪೀಕರ್‌ನದಲ್ಲ, ಮಾನಿಟರ್‌ನದು. ಎಚ್‌ಡಿಎಂಐ ಕೇಬಲ್ ಚಿತ್ರದೊಡನೆ ಧ್ವನಿಯನ್ನೂ ಒಯ್ಯುವುದರಿಂದ, ಸ್ವಂತ ಸ್ಪೀಕರ್ ಇಲ್ಲದ ಮಾನಿಟರ್ ಕೂಡ ಡಿಫಾಲ್ಟ್ (ಧ್ವನಿ ತಾನಾಗಿಯೇ ಹೋಗುವ) ಸಾಧನವಾಗಿ ಕುಳಿತುಬಿಡಬಹುದು. ಸ್ಪೀಕರನ್ನು ಮತ್ತೆ ಡಿಫಾಲ್ಟ್ ಮಾಡಿದೊಡನೆ ಧ್ವನಿ ಮರಳಿತು. ಈ ಮಾಪಕವನ್ನು ಮೊದಲೇ ನೋಡಿದ್ದರೆ ಅರ್ಧ ಗಂಟೆ ಉಳಿಯುತ್ತಿತ್ತು. ನೀವು ಇಲ್ಲಿಂದಲೇ ಆರಂಭಿಸಿ ಎಂದು ಮನಃಪೂರ್ವಕವಾಗಿ ಕೇಳಿಕೊಳ್ಳುತ್ತೇನೆ.

ಆದರೆ ಇನ್ನೊಂದು ತೊಡಕು ಉಳಿದಿತ್ತು. ವಿಡಿಯೊ ಕರೆ ಬಂದಾಗಲೆಲ್ಲ ಉಳಿದ ಧ್ವನಿ ಕುಗ್ಗುತ್ತಿತ್ತು, ಮಿಕ್ಸರ್‌ನ ಸ್ಲೈಡರ್‌ಗಳು ಮಾತ್ರ ಇದ್ದಲ್ಲೇ ಇದ್ದವು. ಕಾರಣ ಅದೇ ಸೌಂಡ್ ವಿಭಾಗದ ಕಮ್ಯುನಿಕೇಷನ್ಸ್ ಟ್ಯಾಬ್‌ನಲ್ಲಿತ್ತು. ಕರೆ ನಡೆಯುವಾಗ ಇತರ ಸದ್ದನ್ನು ಶೇಕಡಾ 80ರಷ್ಟು ತಗ್ಗಿಸುವ ಆಯ್ಕೆ ಅಲ್ಲಿ ಮೊದಲಿನಿಂದಲೇ ಜಾರಿಯಲ್ಲಿರುತ್ತದೆ. ಮಾತು ಸ್ಪಷ್ಟವಾಗಿ ಕೇಳಲೆಂದು ಮಾಡಿದ ಒಳ್ಳೆಯ ಏರ್ಪಾಡೇ ಅದು. ಸಂಕಲನದ ಕೆಲಸಕ್ಕೆ ಹೊಂದದ ಕಾರಣ ನಾನು ‘ಏನೂ ಮಾಡಬೇಡ’ ಎಂಬ ಆಯ್ಕೆಗೆ ಬದಲಿಸಿದೆ.

ಲಿನಕ್ಸ್ ಬಳಸುವವರು ಟರ್ಮಿನಲ್‌ನಲ್ಲಿ ಆಲ್ಸಾಮಿಕ್ಸರ್ ಎಂಬ ಧ್ವನಿ ಮಿಕ್ಸರ್ ತೆರೆದು, ಎಫ್6 ಕೀಲಿಯಿಂದ ಸರಿಯಾದ ಸೌಂಡ್ ಕಾರ್ಡ್ ಆರಿಸಿಕೊಳ್ಳಬೇಕು. ಕಂಬದ ಬುಡದಲ್ಲಿ ‘ಎಂಎಂ’ ಎಂದಿದ್ದರೆ ಆ ಚಾನೆಲ್ ಮ್ಯೂಟ್ ಆಗಿದೆಯೆಂದರ್ಥ. ಎಂ ಕೀಲಿ ಒತ್ತಿದರೆ ಅದು ‘00’ ಆಗಿ ತೆರೆದುಕೊಳ್ಳುತ್ತದೆ. ಮಾಸ್ಟರ್ ತೆರೆದಿದ್ದೂ ಸದ್ದಿಲ್ಲದಿದ್ದರೆ ಪಿಸಿಎಂ, ಫ್ರಂಟ್, ಹೆಡ್‌ಫೋನ್ ಕಂಬಗಳನ್ನೂ ನೋಡಿ.

ಕೊನೆಗೆ ವಾಲ್ಯೂಮ್‌ನ ಮಾತು. ಕೆಲವು ಮಿಕ್ಸರ್‌ಗಳು 100ನ್ನೂ ಮೀರಿ ಏರಿಸಲು ಬಿಡುತ್ತವೆ. ಆದರೆ ಅಲ್ಲಿಂದಾಚೆಗೆ ತರಂಗದ ತುದಿಗಳು ಕತ್ತರಿಸಿಹೋಗಿ ಧ್ವನಿ ಒಡೆಯುವ ಸಂಭವವಿದೆ. ಆದ್ದರಿಂದ ನಾನು ಸ್ಲೈಡರನ್ನು 100ರ ಒಳಗೇ ನಿಲ್ಲಿಸಿ, ಬೇಕಾದ ಏರಿಕೆಯನ್ನು ಸ್ಪೀಕರ್‌ನ ತಿರುಗುಣಿಯಿಂದಲೇ ಮಾಡಿಕೊಳ್ಳುತ್ತೇನೆ.