ಆ ಪುಸ್ತಕದಲ್ಲಿ ಯಾರ ಹೆಸರಿತ್ತು?

ನಮಸ್ಕಾರ ಕೇಳುಗರೇ. ಅಡುಗೆಮನೇಲಿ, ಅಂಗಡೀಲಿ, ಆಟೋದಲ್ಲಿ ಕೂತು ಕೇಳ್ತಿರೋರಿಗೆ ಕಾನೂನು ಅಂದ್ರೆ ತಲೆನೋವು ಅಂತ ಗೊತ್ತು, ಅದಕ್ಕೇ ಒಂದೇ ಒಂದು ವಿಷಯ ಹೇಳ್ತೀನಿ. ಯಾವ ಕೇಸ್ ಆದ್ರೂ ತೀರ್ಪು ಹೇಳೋಕೆ ಯಾರನ್ನ ಕೂರಿಸಿದ್ರು ಅಂತ ಮೊದ್ಲು ನೋಡಿ.

1931ರ ಮಾರ್ಚ್ 25, ಅಮೆರಿಕದ ಅಲಬಾಮಾ. ಕೆಲಸ ಹುಡುಕ್ಕೊಂಡು ಗೂಡ್ಸ್ ರೈಲು ಹತ್ತಿದ್ದ ಬಿಳಿ ಹುಡುಗರಿಗೂ ಕಪ್ಪು ಹುಡುಗರಿಗೂ ಹೊಡೆದಾಟ ಆಯ್ತು, ಪೇಂಟ್ ರಾಕ್ ಅನ್ನೋ ಊರಲ್ಲಿ ರೈಲು ನಿಲ್ಲಿಸಿ 9 ಜನ ಕಪ್ಪು ಹುಡುಗರನ್ನ ಹಿಡಿದ್ರು, ಅದೇ ರೈಲಲ್ಲಿದ್ದ ಇಬ್ರು ಬಿಳಿ ಹೆಣ್ಮಕ್ಳು ಅತ್ಯಾಚಾರ ಆಯ್ತು ಅಂದ್ಬಿಟ್ರು. ಸುಳ್ಳು. ಹುಡುಗರಲ್ಲಿ ಒಬ್ಬನಿಗೆ ಕಣ್ಣು ಸರಿಯಾಗಿ ಕಾಣ್ತಿರ್ಲಿಲ್ಲ, ಇನ್ನೊಬ್ಬನಿಗೆ ಕಾಯಿಲೆ ಬಂದು ನಡೆಯೋದೇ ಕಷ್ಟ. ಸ್ಕಾಟ್ಸ್‌ಬರೋ ಊರಿನ ಕೋರ್ಟಲ್ಲಿ ಏಪ್ರಿಲ್ 6ಕ್ಕೆ ವಿಚಾರಣೆ ಶುರುವಾಯ್ತು, ನಾಲ್ಕೇ ದಿನದಲ್ಲಿ 8 ಜನಕ್ಕೆ ಮರಣದಂಡನೆ!

ಹೇಗೆ ಸಾಧ್ಯ ಅಂತೀರಾ? ಅಲ್ಲಿ ಅಪರಾಧಿ ಹೌದೋ ಅಲ್ವೋ ಅಂತ ಹೇಳೋದು ಜ್ಯೂರಿ, ಅಂದ್ರೆ ಊರಿನ 12 ಜನ ಸಾಮಾನ್ಯರು. ಆ 12 ಜನಾನೂ ಬಿಳಿಯರೇ.

ಈಗ ನಾನು ಪಾಠ ಮಾಡುವಾಗೆಲ್ಲ ಹೇಳೋ ಕಥೆ ಕೇಳಿ. ಈ ಹುಡುಗರ ಪರ ವಾದ ಮಾಡೋಕೆ ನ್ಯೂಯಾರ್ಕಿಂದ ಸ್ಯಾಮ್ಯುಯೆಲ್ ಲೀಬೊವಿಟ್ಜ್ ಅನ್ನೋ ವಕೀಲ್ರು ಬಂದ್ರು. ನಿಮ್ಮ ಜ್ಯೂರಿಗೆ ಕಪ್ಪು ಜನರನ್ನ ಯಾಕೆ ಸೇರಿಸಲ್ಲ ಅಂತ ಕೇಳಿದ್ರು. ಇದೆಯಲ್ಲ ಹೆಸರು ಅಂತ ಸರ್ಕಾರದ ಕಡೆಯವರು ಜ್ಯೂರಿಗೆ ಕರೆಯಬಹುದಾದವರ ಪಟ್ಟಿ ಇರೋ ದೊಡ್ಡ ರಿಜಿಸ್ಟರ್ ತೆಗೆದು ತೋರಿಸಿದ್ರು. ನೋಡಿದ್ರೆ ನಿಜ, ಕೆಲವು ಪಟ್ಟಿಗಳ ಕೊನೇಲಿ ಕಪ್ಪು ಜನರ ಹೆಸರು. ಆದ್ರೆ ಹಳೇ ಪಟ್ಟಿ ಮುಗಿದಲ್ಲಿ ಗುಮಾಸ್ತ ಕೆಂಪು ಇಂಕಲ್ಲಿ ಗೆರೆ ಎಳೆದಿದ್ದ, ಈ ಹೆಸರುಗಳ ಅಕ್ಷರ ಆ ಗೆರೆ ಮೇಲೆ ಕೂತಿತ್ತು. ಅಂದ್ರೆ ಗೆರೆ ಮೊದ್ಲು, ಹೆಸರು ಆಮೇಲೆ! ಕೈಬರಹದ ಎಕ್ಸ್‌ಪರ್ಟ್ ಕೂಡ ಅದನ್ನೇ ಹೇಳಿದ್ರು. 1935ರಲ್ಲಿ ಲೀಬೊವಿಟ್ಜ್ ಆ ರಿಜಿಸ್ಟರನ್ನ, ಜೊತೆಗೊಂದು ಭೂತಗನ್ನಡಿನ ವಾಷಿಂಗ್ಟನ್‌ನ ಸುಪ್ರೀಂ ಕೋರ್ಟಿಗೆ ತಗೊಂಡು ಹೋದ್ರು, ಚೀಫ್ ಜಸ್ಟಿಸ್ ಹ್ಯೂಸ್ ಭೂತಗನ್ನಡಿ ಹಿಡಿದು ಬಗ್ಗಿ ನೋಡಿದ್ರು, ಪಕ್ಕದ ಜಡ್ಜಿಗೆ ಕೊಟ್ರು, ಅವರೂ ನೋಡಿದ್ರು. ಏಪ್ರಿಲ್ 1ಕ್ಕೆ ಶಿಕ್ಷೆ ರದ್ದು. ನನಗೆ ಇವತ್ತಿಗೂ ಮೈ ಜುಮ್ ಅನ್ನುತ್ತೆ. ಅದಕ್ಕೇ ಹೇಳೋದು, ಯಾರನ್ನ ಕೂರಿಸಿದ್ರು ಅಂತ ಮೊದ್ಲು ನೋಡಿ ಅಂತ.

ಟೈಮ್ ಆಗ್ತಾ ಬಂತು ಅಂತ ಸನ್ನೆ ಮಾಡ್ತಿದಾರೆ, ಆದ್ರೂ ಇದನ್ನ ಹೇಳ್ಲೇಬೇಕು. ಆ ಇಬ್ರು ಹೆಣ್ಮಕ್ಳಲ್ಲಿ ರೂಬಿ ಬೇಟ್ಸ್ 1933ರ ಮರುವಿಚಾರಣೇಲೇ ಕೋರ್ಟಿಗೆ ಬಂದು ಅತ್ಯಾಚಾರ ಆಗೇ ಇಲ್ಲ ಅಂದಿದ್ಲು, ಜ್ಯೂರಿ ಕಿವಿಗೇ ಹಾಕ್ಕೊಳ್ಳದೆ ಮತ್ತೆ ಮರಣದಂಡನೆ ಕೊಡ್ತು. ಆ ತೀರ್ಪನ್ನ ತಳ್ಳಿಹಾಕಿದ ಜಡ್ಜ್ ಹಾರ್ಟನ್ ಮುಂದಿನ ಚುನಾವಣೇಲಿ ಸೋತ್ರು, ಅಲ್ಲಿ ಜಡ್ಜ್‌ಗಳನ್ನೂ ಜನರೇ ಓಟು ಹಾಕಿ ಆರಿಸ್ತಾರೆ. ಸುಪ್ರೀಂ ಕೋರ್ಟ್ ಶಿಕ್ಷೆ ರದ್ದು ಮಾಡಿದ್ಮೇಲೂ ಮತ್ತೆ ವಿಚಾರಣೆ ನಡೀತು, 1937ರಲ್ಲಿ ನಾಲ್ವರನ್ನ ಬಿಟ್ರು, ಉಳಿದವರು ಇನ್ನೂ ವರ್ಷಗಟ್ಟಲೆ ಒಳಗೇ ಕೊಳೆತ್ರು. ಆ 9 ಜನರಲ್ಲಿ ಒಬ್ಬರಾದ ಕ್ಲಾರೆನ್ಸ್ ನಾರಿಸ್‌ಗೆ 1976ರಲ್ಲಿ ಕ್ಷಮಾದಾನ ಸಿಕ್ತು. ಕೊನೇ ಮೂವರಿಗೆ ಸಿಕ್ಕಿದ್ದು 2013ರಲ್ಲಿ, ಆಗ ಅವರಲ್ಲಿ ಒಬ್ರೂ ಬದುಕಿರ್ಲಿಲ್ಲ. ನಮಸ್ಕಾರ.