ಬಾಗುವ ವಿಮಾನ, ಪೈಲಟ್‌ನ ಕೈ

ನಮಸ್ಕಾರ ಕೇಳುಗರೇ. ವಿಮಾನದಲ್ಲಿ ಕಿಟಕಿ ಪಕ್ಕ ಕೂತಾಗ ರೆಕ್ಕೆಯ ತುದಿ ಮೇಲೆ ಕೆಳಗೆ ಆಡುವುದನ್ನು ಗಮನಿಸಿರುತ್ತೀರಿ, ಅಲ್ವಾ? ಅದು ದೋಷವಲ್ಲ. ಬಾಗಲಿ ಅಂತಲೇ ಹಾಗೆ ಕಟ್ಟಿರುತ್ತಾರೆ. 2010ರಲ್ಲಿ ಬೋಯಿಂಗ್ 787ರ ರೆಕ್ಕೆಗಳ ಮೇಲೆ, ಹಾರಾಟದಲ್ಲಿ ಬರಬಹುದಾದ ಗರಿಷ್ಠ ಭಾರದ ಒಂದೂವರೆ ಪಟ್ಟು ಹೇರಿ ಪರೀಕ್ಷಿಸಿದಾಗ ಅವು ಸುಮಾರು 25 ಅಡಿ ಮೇಲಕ್ಕೆ ಬಾಗಿದವು.

ಮುರಿಯದಿದ್ದರೆ ಸಾಕೇ? ಸಾಲದು. ಇಷ್ಟು ಬಾಗುವ ವಿಮಾನ ಪೈಲಟ್‌ನ ಮಾತು ಕೇಳುತ್ತದೆಯೇ ಎನ್ನುವುದು ಇನ್ನೂ ದೊಡ್ಡ ಪ್ರಶ್ನೆ. ಅದಕ್ಕೆ ಉತ್ತರ ಸಿಗುವುದು ಸಿಮ್ಯುಲೇಟರಿನಲ್ಲಿ, ಅಂದರೆ ನೆಲದ ಮೇಲೆಯೇ ಹಾರಾಟದ ಅನುಭವ ಕೊಡುವ ಯಂತ್ರದಲ್ಲಿ, ಅದೂ ವಿನ್ಯಾಸ ಇನ್ನೂ ಕಾಗದದ ಮೇಲಿರುವಾಗಲೇ.

ಚಿಕ್ಕ, ಗಟ್ಟಿ ವಿಮಾನವಾದರೆ ಅದನ್ನು ಬಾಗದ ಒಂದೇ ತುಂಡು ಅಂದುಕೊಂಡು ಲೆಕ್ಕ ಹಾಕಬಹುದು. ಅದರ ಒಡಲಿನ ಕಂಪನ ತುಂಬಾ ವೇಗದ್ದು, ಮೂತಿ ಏಳುವ ಇಳಿಯುವ ಚಲನೆ ನಿಧಾನದ್ದು, ಒಂದಕ್ಕೊಂದು ತಾಗುವುದಿಲ್ಲ. ವಿಮಾನ ಉದ್ದವಾಗಿ ತೆಳುವಾದಷ್ಟೂ ಕಂಪನ ನಿಧಾನವಾಗುತ್ತದೆ. ಕೊನೆಗೆ ಎರಡೂ ಹತ್ತಿರ ಬಂದು ಬೆರೆತುಹೋಗುತ್ತವೆ.

1990ರ ದಶಕದಲ್ಲಿ ನಾಸಾ, ಶಬ್ದಕ್ಕಿಂತ ವೇಗವಾಗಿ ಹೋಗುವ ದೊಡ್ಡ ಪ್ರಯಾಣಿಕ ವಿಮಾನವೊಂದರ ವಿನ್ಯಾಸದ ಬಗ್ಗೆ ಸಂಶೋಧನೆ ನಡೆಸಿತ್ತು. ಉದ್ದನೆಯ ತೆಳು ಒಡಲು, ತುದಿಯಲ್ಲಿ ಕಾಕ್‌ಪಿಟ್. ನಾಸಾದ ಲ್ಯಾಂಗ್ಲಿ ಸಂಶೋಧನಾ ಕೇಂದ್ರದಲ್ಲಿ ಆ ಬಾಗುವಿಕೆಯನ್ನೂ ಸೇರಿಸಿದ ಸಿಮ್ಯುಲೇಟರಿನಲ್ಲಿ ಪೈಲಟ್‌ಗಳನ್ನು ಕೂರಿಸಿದರು. ಕಾಕ್‌ಪಿಟ್ ಅಲುಗಿದಾಗ ಪೈಲಟ್‌ನ ತೋಳು ಅಲುಗಿತು, ತೋಳು ಸ್ಟಿಕ್ಕನ್ನು, ಅಂದರೆ ವಿಮಾನವನ್ನು ನಡೆಸುವ ಹಿಡಿಯನ್ನು, ಅಲುಗಿಸಿತು, ಸ್ಟಿಕ್ಕು ಮತ್ತೆ ವಿಮಾನವನ್ನು. ಓಡುವ ಬಸ್ಸಿನಲ್ಲಿ ಬರೆಯುವಾಗ ಪೆನ್ನು ತಾನೇ ಗೀಚಿದ ಹಾಗೆ, ಆದರೆ ಇಲ್ಲಿ ಆ ಗೀಚು ಬಸ್ಸನ್ನೇ ಇನ್ನೂ ಜಾಸ್ತಿ ಕುಲುಕುತ್ತದೆ! ಮನುಷ್ಯನ ತೋಳನ್ನು ಬಿಟ್ಟು ಮಾಡಿದ ಯಾವ ಲೆಕ್ಕದಲ್ಲೂ ಇದು ಕಾಣುವುದಿಲ್ಲ. ಸಿಮ್ಯುಲೇಟರಿನಲ್ಲಾದರೆ ಗಡಸುತನ ಬದಲಿಸಿ, ಕಂಪನ ಬೇಗ ಅಡಗುವಂತೆ ಮಾಡಿ, ಮತ್ತೆ ಹಾರಿಸಿ ನೋಡಬಹುದು. ಕಟ್ಟಿದ ಮೇಲೆ ಅದಾಗದು.

ಪೈಲಟ್ ಒಳಗಿಲ್ಲದ ವಿಮಾನಕ್ಕೂ ಈ ಕಷ್ಟ ತಪ್ಪಿದ್ದಲ್ಲ. ನಾಸಾದ ಸೌರಶಕ್ತಿ ವಿಮಾನ ಹೀಲಿಯೋಸ್, 247 ಅಡಿ ಅಗಲದ ರೆಕ್ಕೆಯದು, 2003ರ ಜೂನ್ 26ರಂದು ಹವಾಯಿಯ ಕವಾಯಿ ದ್ವೀಪದ ಬಳಿ ಗಾಳಿಯ ಹೊಯ್ದಾಟಕ್ಕೆ ಸಿಕ್ಕಿತು. ರೆಕ್ಕೆ ಬಿಲ್ಲಿನಂತೆ ಮೇಲಕ್ಕೆ ಬಾಗಿ ಹಾಗೆಯೇ ಉಳಿಯಿತು, ಮೂತಿಯ ಏರಿಳಿತ ಬೆಳೆಯುತ್ತಾ ಹೋಯಿತು, ವೇಗ ಮಿತಿ ಮೀರಿ ವಿಮಾನ ಒಡೆದು ಸಮುದ್ರಕ್ಕೆ ಬಿತ್ತು. ಗಾಳಿ, ಒಡಲಿನ ಬಾಗು, ನಿಯಂತ್ರಣ ಎಲ್ಲವನ್ನೂ ಒಟ್ಟಿಗೆ, ಕ್ಷಣಕ್ಷಣಕ್ಕೂ ಲೆಕ್ಕ ಹಾಕುವ ವಿಧಾನಗಳು ಬೇಕೆಂದು ತನಿಖೆ ಹೇಳಿತು.

ಆದರೆ ಬಾಗನ್ನು ಸುಮ್ನೆ ಸಿಮ್ಯುಲೇಟರಿಗೆ ಸುರಿಯಲಾಗದು. ಒಡಲಿನ ಪೂರ್ತಿ ಲೆಕ್ಕ ಬಹಳ ದೊಡ್ಡದು. ಸಿಮ್ಯುಲೇಟರಿಗೋ ಸೆಕೆಂಡಿಗೆ ಹತ್ತಾರು ಸಲ ಉತ್ತರ ಬೇಕು. ಹಾಗಾಗಿ ನಿಧಾನದ ಕೆಲವೇ ಕಂಪನಗಳನ್ನು ಆರಿಸಿಕೊಳ್ಳುತ್ತಾರೆ. ಯಾವುದನ್ನು ಬಿಡಬೇಕು ಎಂಬುದರಲ್ಲೇ ಎಂಜಿನಿಯರ್‌ನ ಜಾಣ್ಮೆ ಇರುವುದು. ಇನ್ನು ಕಾಕ್‌ಪಿಟ್ಟನ್ನು ಕುಲುಕುವ ವೇದಿಕೆ ಸ್ವಲ್ಪ ತಡವಾಗಿ ಅಲುಗಿದರೂ ಪೈಲಟ್ ಬೇರೆಯದೇ ವಿಮಾನ ಹಾರಿಸಿದಂತಾಗುತ್ತದೆ. ಅದಕ್ಕೇ ಹಾರಾಟ ಶುರುವಾಗುವ ಮುಂಚೆ ಆ ವೇದಿಕೆಯ ವಿಳಂಬವನ್ನೂ ಅಳೆದಿಟ್ಟುಕೊಳ್ಳಬೇಕು. ನಮಸ್ಕಾರ.